ಹಳೆಯ ಕಾರಿನ ಬಾಗಿಲು ಜೋತುಬಿದ್ದಿದೆಯೇ? ಸವೆದ ಹಿಂಜ್ ರಿಪೇರಿ ಮಾಡುವ ಕ್ರಮ

ಹಿಂಜ್ ರಿಪೇರಿ ಮಾಡಿ ಆರು ತಿಂಗಳಾಗಿಲ್ಲ, ಬಾಗಿಲು ಮತ್ತೆ ಜೋತುಬಿತ್ತು ಅನ್ನುವವರು ಬಹಳ ಜನ. ಏನು ಮಾಡಿದಿರಿ ಅಂತ ಕೇಳಿದರೆ ಕಥೆ ಒಂದೇ. ಬೋಲ್ಟು ಸಡಿಲ ಮಾಡಿ, ಬಾಗಿಲನ್ನು ಒಂಚೂರು ಎತ್ತಿ ಹಿಡಿದು, ಮತ್ತೆ ಬಿಗಿ ಮಾಡಿರುತ್ತಾರೆ. ಒಳಗೆ ಹಿಂಜ್ ತಿರುಗುವ ಪಿನ್ ಸವೆದದ್ದು ಹಾಗೇ ಇರುತ್ತದೆ. ಇನ್ನು ಕೆಲವರು ಪಿನ್ ಬದಲಾಯಿಸಿರುತ್ತಾರೆ, ಆದರೆ ಮೊಟ್ಟೆಯ ಆಕಾರಕ್ಕೆ ತಿರುಗಿದ ತೂತಿಗೆ ಹೊಸ ಪಿನ್ ತೂರಿಸಿ ಕೈ ತೊಳೆದುಕೊಂಡಿರುತ್ತಾರೆ.

ಇದು ಕಷ್ಟದ ಕೆಲಸವಲ್ಲ. ಕ್ರಮ ತಪ್ಪಿದರೆ ಮಾತ್ರ ಕೆಡುತ್ತದೆ. ಮೊದಲು ಪ್ಲೇ, ಅಂದರೆ ಸಡಿಲದ ಅಲುಗಾಟ, ಎಲ್ಲಿದೆ ಅಂತ ಹುಡುಕಬೇಕು, ಆಮೇಲೆ ಅದನ್ನು ತೆಗೆಯಬೇಕು, ಕೊನೆಗೆ ಬಾಗಿಲ ಸುತ್ತಲಿನ ಸಂದು ಹೊಂದಿಸಬೇಕು. ಕೊನೆಯದನ್ನೇ ಮೊದಲು ಮಾಡುವುದರಿಂದ ಎಲ್ಲ ತಾಪತ್ರಯ.

ಮುಂದೆ ಬಳಸುವ ಪದಗಳು ಇಷ್ಟೇ. ಹಿಂಜ್‌ಗೆ ಎರಡು ಪಟ್ಟಿ: ಒಂದು ಪಿಲ್ಲರ್ (ಬಾಗಿಲು ತೂಗುವ ಬಾಡಿಯ ಕಂಬ) ಕಡೆಗೆ, ಇನ್ನೊಂದು ಬಾಗಿಲ ಕಡೆಗೆ. ಪಟ್ಟಿಯ ತುದಿಯಲ್ಲಿ ಪಿನ್ ಹೋಗುವ ಉಂಗುರದಂಥ ಭಾಗಕ್ಕೆ ಕಣ್ಣು ಅನ್ನೋಣ. ಕಣ್ಣಿನೊಳಗೆ ಕೆಲವು ಕಾರುಗಳಲ್ಲಿ ಬುಶ್, ಅಂದರೆ ಪಿನ್ ತಿರುಗುವ ತೆಳು ಕೊಳವೆ, ಇರುತ್ತದೆ, ಕೆಲವದರಲ್ಲಿ ಕಬ್ಬಿಣದ ಮೇಲೇ ಪಿನ್ ತಿರುಗುತ್ತದೆ.

## ಬೇಕಾಗುವ ಸಾಮಾನು

ಚಕ್ರವಿರುವ ಜಾಕ್, ಅದರ ಮೇಲಿಡಲು ಮರದ ಹಲಗೆ, ದಪ್ಪ ಟವೆಲ್. ಬಣ್ಣ ಕೆಡದಂತೆ ಅಂಟಿಸುವ ಮಾಸ್ಕಿಂಗ್ ಟೇಪ್. ಸ್ಪ್ಯಾನರ್, ಸಾಕೆಟ್ ಸೆಟ್. ಹಿಂಜ್‌ಗೆ ದೊಡ್ಡ ಸ್ಟಾರ್ ಸ್ಕ್ರೂ ಇದ್ದರೆ, ಸುತ್ತಿಗೆಯಿಂದ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರ್. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಕಾರಿನಲ್ಲಿ ಇದಿಲ್ಲದೆ ಕೈ ಹಾಕಲೇಬೇಡಿ.

ಪಿನ್‌ಗಿಂತ ಒಂಚೂರು ಸಣ್ಣ ಪಂಚ್, ಸುತ್ತಿಗೆ, ಗಟ್ಟಿಯಾದ ವೈಸ್, ವರ್ನಿಯರ್ ಕ್ಯಾಲಿಪರ್. ತುಕ್ಕು ಬಿಡಿಸುವ ಎಣ್ಣೆ. ಬುಶ್ ಹಾಕುವುದಾದರೆ ಸರಿಯಾದ ಅಳತೆಯ ರೀಮರ್, ಅಂದರೆ ತೂತನ್ನು ನುಣುಪಾಗಿ ಕರಾರುವಾಕ್ಕಾದ ಅಳತೆಗೆ ತರುವ ಉಪಕರಣ. ಕಣ್ಣಿಗೆ ಕನ್ನಡಕ. ಜೊತೆಗೆ ಒಬ್ಬ ಸಹಾಯಕ. ಉದ್ದ ಬಾಗಿಲಿನ ಎರಡು ಬಾಗಿಲ ಕಾರಾದರೆ ಒಂದು ಬಾಗಿಲೇ 40 ಕೆ.ಜಿ. ದಾಟಬಹುದು. ಒಬ್ಬರೇ ಇಳಿಸುತ್ತೇನೆ ಅನ್ನುವುದು ಹುಂಬತನ.

ರೀಮರ್ ಇಲ್ಲ, ಕೊಳ್ಳುವ ಮನಸ್ಸೂ ಇಲ್ಲ ಅಂದರೆ 6ನೇ ಹಂತವನ್ನು ಲೇತ್ ಕೆಲಸ ಬಲ್ಲವರಿಗೆ ಕೊಡಿ. ಅದರಲ್ಲಿ ಅವಮಾನವೇನೂ ಇಲ್ಲ.

## ಹಂತ 1: ಪ್ಲೇ ಎಲ್ಲಿದೆ ಅಂತ ಹುಡುಕಿ

ಕಾರನ್ನು ಸಮತಟ್ಟಾದ ನೆಲದಲ್ಲಿ, ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ. ಜಾಕ್ ಮೇಲೆ ಬೇಡ. ಬಾಗಿಲನ್ನು ಅರ್ಧ ತೆಗೆಯಿರಿ. ಸಹಾಯಕರು ಬಾಗಿಲ ಹಿಂದಿನ ತುದಿಯನ್ನು ಕೆಳಗಿನಿಂದ ಹಿಡಿದು ಮೆಲ್ಲಗೆ ಎತ್ತಿ ಇಳಿಸಲಿ. ಜೋರು ಬೇಡ, ಬಾಗಿಲು ಎಷ್ಟು ತಾನಾಗಿ ಮೇಲೆ ಬರುತ್ತದೋ ಅಷ್ಟೇ.

ನೀವು ಮೇಲಿನ ಹಿಂಜ್ ಹತ್ತಿರ ಕುಳಿತುಕೊಳ್ಳಿ. ಎರಡು ಪಟ್ಟಿಯ ಕಣ್ಣುಗಳು ಕೂಡುವ ಗೆರೆಯ ಮೇಲೆ ಹೆಬ್ಬೆರಳಿಡಿ, ಅರ್ಧ ಬೆರಳು ಈ ಕಡೆ, ಅರ್ಧ ಆ ಕಡೆ. ಬಾಗಿಲು ಎದ್ದಾಗ ಒಂದು ಕಣ್ಣು ಸರಿದು ಇನ್ನೊಂದು ಸುಮ್ಮನಿದ್ದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಸಣ್ಣದಾಗಿ 'ಟಕ್' ಅಂತ ಸದ್ದೂ ಬರಬಹುದು. ಕಣ್ಣಿಗೆ ಕಾಣದ ಪ್ಲೇ ಕೂಡ ಬೆರಳಿಗೆ ಸಿಗುತ್ತದೆ, ಹಾಗಾಗಿ ಟಾರ್ಚ್ ಹಿಡಿದು ನೋಡುವ ಮುಂಚೆ ಮುಟ್ಟಿ ನೋಡಿ. ಕೆಳಗಿನ ಹಿಂಜ್‌ಗೂ ಹೀಗೇ ಮಾಡಿ.

ಈಗ ಹೆಬ್ಬೆರಳನ್ನು ಪಟ್ಟಿಯ ಅಂಚು ಮತ್ತು ಪಿಲ್ಲರ್ ಕೂಡುವ ಜಾಗಕ್ಕೆ ತನ್ನಿ. ಮತ್ತೆ ಎತ್ತಿಸಿ. ಇಲ್ಲಿ ಚಲನೆ ಇದ್ದರೆ ಪಿನ್ ತಪ್ಪಿಲ್ಲ, ಬೋಲ್ಟು ಸಡಿಲ ಇದೆ, ಅಥವಾ ಪಿಲ್ಲರ್ ತಗಡೇ ಬಿರಿದಿದೆ. ಅನುಮಾನವಿದ್ದರೆ ಪಟ್ಟಿಯ ಸುತ್ತ ಚೂಪು ಪೆನ್ಸಿಲ್‌ನಿಂದ ಗೆರೆ ಎಳೆದು ನೋಡಿ. ಗೆರೆಗೂ ಪಟ್ಟಿಗೂ ನಡುವೆ ಅಂತರ ಬಿದ್ದು ಮುಚ್ಚುತ್ತಿದ್ದರೆ ಉತ್ತರ ಸಿಕ್ಕಿತು. ಬಾಗಿಲ ಕಡೆಯ ಪಟ್ಟಿಯನ್ನೂ ಬಿಡಬೇಡಿ.

ಎಚ್ಚರಿಕೆಯ ಗುರುತುಗಳು ಇವು. ಹಿಂಜ್ ಸುತ್ತ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು, ಅದರಿಂದ ಕಂದು ನೀರು ಇಳಿದ ಕಲೆ: ತಗಡು ಬಿರಿಯುತ್ತಿದೆ. ಕಣ್ಣುಗಳ ಸಂದಿನಲ್ಲಿ ಕಾಫಿಪುಡಿಯಂಥ ಕೆಂಗಂದು ಧೂಳು: ಪಿನ್ ಒಣಗಿ ಉಜ್ಜಿಕೊಳ್ಳುತ್ತಿದೆ. ಪಿನ್‌ನ ತಲೆ ಮೊದಲಿಗಿಂತ ಮೇಲೆ ಬಂದಿದ್ದರೆ ಅದು ತನ್ನ ಬಿಗಿಯನ್ನು ಕಳೆದುಕೊಂಡಿದೆ.

'ಪಿನ್‌ನಲ್ಲಿ ಅರ್ಧ ಮಿಲಿಮೀಟರೂ ಇಲ್ಲ, ಬಾಗಿಲು ಮಾತ್ರ ಇಷ್ಟೊಂದು ಇಳಿದಿದೆ' ಅಂತ ಆಶ್ಚರ್ಯಪಡುವವರಿಗೆ ಒಂದು ಲೆಕ್ಕ. ಎರಡು ಹಿಂಜ್ ನಡುವಿನ ಅಂತರ 350 ಮಿ.ಮೀ., ಬಾಗಿಲ ಉದ್ದ 1050 ಮಿ.ಮೀ. ಅಂದುಕೊಳ್ಳಿ. ಉದ್ದ ಅಂತರದ ಮೂರು ಪಟ್ಟಾಯಿತು. ಮೇಲಿನ ಪಿನ್‌ನಲ್ಲಿ 0.5 ಮಿ.ಮೀ. ಪ್ಲೇ ಇದ್ದರೆ ಹಿಂದಿನ ತುದಿ 1.5 ಮಿ.ಮೀ. ಇಳಿಯುತ್ತದೆ. ಕೆಳಗಿನದರಲ್ಲೂ ಅಷ್ಟೇ ಇದ್ದರೆ, ಮೇಲಿನದು ಹೊರಕ್ಕೆ ಎಳೆದು ಕೆಳಗಿನದು ಒಳಕ್ಕೆ ಒತ್ತಿ, ಒಟ್ಟು 3 ಮಿ.ಮೀ. ಆಗುತ್ತದೆ. ಸಂದೇ 4–5 ಮಿ.ಮೀ. ಇರುವ ಕಡೆ ಇದು ದೊಡ್ಡ ಮೊತ್ತ.

### ಹಿಂಜ್ ತಪ್ಪಲ್ಲದೆ ಇದ್ದರೆ?

ಎರಡೂ ಹಿಂಜ್ ಬಿಗಿಯಾಗಿವೆ, ಪಿಲ್ಲರ್ ಗಟ್ಟಿ ಇದೆ, ಆದರೂ ಬಾಗಿಲು ಕೂರುತ್ತಿಲ್ಲ. ಹಾಗಿದ್ದರೆ ಬಾಡಿಯೇ ಬಾಗಿರಬಹುದು. ಬಾಗಿಲ ಹಿಂದಿನ ಸಂದನ್ನು ಮೇಲೆ, ಕೆಳಗೆ ಅಳೆದು ಬರೆದಿಡಿ. ಕಾರಿನ ಮಧ್ಯಭಾಗದ ಕೆಳಗೆ, ಗಟ್ಟಿ ಜಾಗ ನೋಡಿ, ಜಾಕ್ ಕೊಟ್ಟು ಸ್ವಲ್ಪ ಎತ್ತಿ. ಮತ್ತೆ ಅಳೆಯಿರಿ. ಸಂದು ಎದ್ದು ಕಾಣುವಷ್ಟು ಬದಲಾದರೆ ಬಾಗಿಲ ಕೆಳಗಿನ ಸಿಲ್ ಒಳಗೆ ತುಕ್ಕು ತಿಂದಿದೆ ಅಂತ ಅರ್ಥ. ಮೇಲ್ಛಾವಣಿ ಮಡಚುವ ಕಾರುಗಳಲ್ಲಿ ಇದು ಜಾಸ್ತಿ. ಆಗ ಈ ಬರಹ ಪಕ್ಕಕ್ಕಿಡಿ, ಮೊದಲು ಸಿಲ್ ಕೆಲಸ ಮುಗಿಸಿ.

## ಹಂತ 2: ಈಗಿರುವ ಸ್ಥಿತಿಯನ್ನು ಬರೆದಿಡಿ

ಬಾಗಿಲು ಹಾಕಿ ಸುತ್ತಲೂ ಎಂಟು ಕಡೆ ಸಂದು ಅಳೆಯಿರಿ: ಮುಂದೆ ಮೂರು, ಹಿಂದೆ ಮೂರು, ಕೆಳಗೆ ಎರಡು. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೇ ಅಂಕಿ ಬರೆದರೆ ಚೀಟಿ ಕಳೆದುಹೋಗುವುದಿಲ್ಲ. ಫೋಟೋ ತೆಗೆಯಿರಿ.

ಜೋತುಬಿದ್ದ ಬಾಗಿಲು ಒಂದು ಮಾದರಿಯಲ್ಲಿ ಓರೆಯಾಗುತ್ತದೆ. ಮುಂದಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಹಿಂದಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಹಿಂದಿನ ಮೇಲ್ಮೂಲೆ ಪಕ್ಕದ ಪ್ಯಾನೆಲ್‌ಗೆ ತಾಗಿ ಬಣ್ಣ ಕಿತ್ತಿರುವುದು ಇದರಿಂದಲೇ. ನಿಮ್ಮ ಅಂಕಿಗಳು ಬೇರೆ ಮಾದರಿ ತೋರಿಸಿದರೆ 1ನೇ ಹಂತಕ್ಕೆ ವಾಪಸ್ ಹೋಗಿ.

ಇನ್ನೊಂದು ಕೆಲಸ ಇದೆ, ಬಹಳ ಜನ ಬಿಡುತ್ತಾರೆ. ಪ್ರತಿ ಪಟ್ಟಿಯ ಸುತ್ತ ಗೆರೆ ಎಳೆಯಿರಿ. ಬಾಗಿಲಿಗೆ ಹೇಗೂ ಹೊಸ ಬಣ್ಣ ಬೀಳುವುದಿದೆ ಅಂದರೆ, ಪಟ್ಟಿಯ ಮೂಲಕ ತಗಡಿಗೆ 3 ಮಿ.ಮೀ. ತೂತು ಒಂದೊಂದು ಹಿಂಜ್‌ಗೆ ಎರಡರಂತೆ ಕೊರೆಯಿರಿ. ಮರುಜೋಡಣೆಯಲ್ಲಿ ಆ ತೂತಿಗೆ ಡ್ರಿಲ್ ಬಿಟ್‌ನ ಹಿಂಭಾಗ ತೂರಿಸಿದರೆ ಪಟ್ಟಿ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತದೆ. ಕೊನೆಗೆ ತೂತು ಮುಚ್ಚಿದರಾಯಿತು. ಒಳಗೆ ವೈರ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಕೊರೆಯಿರಿ.

## ಹಂತ 3: ಬಾಗಿಲು ಇಳಿಸಿ

ಬಾಗಿಲು ಇಳಿಸದೆಯೇ ಪಿನ್ ಹೊಡೆಯಬಹುದು, ಹಲವರು ಹೊಡೆಯುತ್ತಾರೆ ಕೂಡ. ಆದರೆ ತೂತು ಸವೆದಿದೆಯೋ ಇಲ್ಲವೋ ಅಂತ ನೆಟ್ಟಗೆ ಅಳೆಯಲು ಹಿಂಜ್ ಮೇಜಿನ ಮೇಲೆ ಇರಬೇಕು. ಹಾಗಾಗಿ ನನ್ನ ಮಾತು ಕೇಳಿದರೆ ಇಳಿಸಿಯೇ ಬಿಡಿ.

1. ಬಾಗಿಲಲ್ಲಿ ವೈರ್ ಇದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆ ವೈರ್ ಬಿಡಿಸಿ.

2. ಬಾಗಿಲ ಅಂಚಿಗೆ, ಮುಂದಿನ ಮಡ್‌ಗಾರ್ಡ್ ಅಂಚಿಗೆ ಎರಡು ಪದರ ಟೇಪ್ ಹಚ್ಚಿ. ಬಾಗಿಲ ಕೆಳಗೆ, ತೂಕ ಸಮನಾಗುವ ಜಾಗದಲ್ಲಿ, ಹಲಗೆ ಮತ್ತು ಟವೆಲ್ ಇಟ್ಟ ಜಾಕ್ ತಂದು ಮುಟ್ಟಿಸಿ. ಮುಟ್ಟಿಸಿದರೆ ಸಾಕು. ಎತ್ತಿದರೆ ಹಿಂಜ್ ಬಾಗುತ್ತದೆ.

3. ಬಾಗಿಲು ಮಿತಿಮೀರಿ ತೆರೆಯದಂತೆ ತಡೆಯುವ ಪಟ್ಟಿ, ಅಂದರೆ ಚೆಕ್ ಸ್ಟ್ರಾಪ್, ಇದ್ದರೆ ಈಗ ಬಿಚ್ಚಿ. ಇದು ಹೋದ ಮೇಲೆ ಬಾಗಿಲನ್ನು ಸಹಾಯಕರು ಬಿಡಲೇಬಾರದು. ಒಂದು ಗಾಳಿಗೆ ಅದು ಪೂರ್ತಿ ತಿರುಗಿ ಮಡ್‌ಗಾರ್ಡ್‌ಗೆ ಬಡಿಯುತ್ತದೆ.

4. ಕೆಲವು ಹಿಂಜ್‌ಗಳಲ್ಲೇ ದಪ್ಪ ಸ್ಪ್ರಿಂಗ್ ಇರುತ್ತದೆ, ಬಾಗಿಲನ್ನು ಅರ್ಧದಲ್ಲಿ ನಿಲ್ಲಿಸಲು. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅದು ಹಾರಿದರೆ ಹಲ್ಲೋ ಕಣ್ಣೋ ಹೋಗುತ್ತದೆ. ಸ್ಪ್ರಿಂಗ್ ಒತ್ತುವ ಉಪಕರಣ ಹಾಕಿ ಒತ್ತಿ, ಮೇಲೆ ದಪ್ಪ ಬಟ್ಟೆ ಸುತ್ತಿ, ಮುಖ ಪಕ್ಕಕ್ಕೆ ತಿರುಗಿಸಿ ತೆಗೆಯಿರಿ.

5. ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು. ಸ್ಟಾರ್ ಸ್ಕ್ರೂ ಆದರೆ ತಲೆಯೊಳಗಿನ ಬಣ್ಣವನ್ನು ಚೂಪು ಮೊಳೆಯಿಂದ ಪೂರ್ತಿ ಕೆರೆದು ತೆಗೆಯಿರಿ, ಬಿಟ್ ತಳಮುಟ್ಟ ಕೂರಬೇಕು. ಇಂಪ್ಯಾಕ್ಟ್ ಡ್ರೈವರ್ ಇಟ್ಟು ಮೊದಲು ಬಿಗಿ ಮಾಡುವ ಕಡೆಗೆ ಒಂದೇಟು, ಆಮೇಲೆ ಬಿಚ್ಚುವ ಕಡೆಗೆ. ಆ ಮೊದಲ ಏಟಿಗೆ ತುಕ್ಕಿನ ಹಿಡಿತ ಒಡೆಯುತ್ತದೆ. ಬಾಗಿಲ ಕಡೆಯ ಬೋಲ್ಟುಗಳನ್ನು ಮೊದಲು ಬಿಚ್ಚಿ ಬಾಗಿಲನ್ನು ಪಕ್ಕಕ್ಕಿಡಿ, ಆಮೇಲೆ ಹಿಂಜ್ ಅನ್ನು ಪಿಲ್ಲರ್‌ನಿಂದ ತೆಗೆಯಿರಿ.

ಈಗ ದೊಡ್ಡ ಎಚ್ಚರಿಕೆ. ಹಲವು ಕಾರುಗಳಲ್ಲಿ ಬೋಲ್ಟು ಕಚ್ಚುವ ನಟ್ಟು ಪಿಲ್ಲರ್ ಒಳಗೆ ಅಂಟಿಕೊಂಡಿರುವುದಿಲ್ಲ. ಮರೆಗಳಿರುವ (ಬೋಲ್ಟು ತಿರುಗಿ ಕಚ್ಚುವ ಸುರುಳಿ ಗೆರೆಗಳಿರುವ) ದಪ್ಪ ತಗಡೊಂದು ಒಳಗೆ ಸಡಿಲವಾಗಿ ನಿಂತಿರುತ್ತದೆ, ಹೊಂದಾಣಿಕೆಗೆ ಆಚೀಚೆ ಸರಿಯಲಿ ಅಂತ. ಕೊನೆಯ ಬೋಲ್ಟು ತೆಗೆದ ಕ್ಷಣ ಅದು ಪಿಲ್ಲರ್ ತಳಕ್ಕೆ ಬೀಳಬಹುದು. ನನಗೆ ಹಾಗಾಗಿದೆ. 'ಠಣ್' ಅಂತ ಸದ್ದು ಬಂದಾಗ ಏನು ಬಿತ್ತು ಅಂತಲೂ ಹೊಳೆಯಲಿಲ್ಲ. ಸಂಜೆಯೆಲ್ಲ ದಾರಕ್ಕೆ ಕಟ್ಟಿದ ಆಯಸ್ಕಾಂತ ಇಳಿಬಿಟ್ಟು ಕುಳಿತಿದ್ದೆ, ಮೀನು ಹಿಡಿಯುವವನ ಹಾಗೆ. ಆಯಸ್ಕಾಂತ ಪಿಲ್ಲರ್ ಗೋಡೆಗೇ ಅಂಟಿಕೊಳ್ಳುತ್ತಿತ್ತು ಬೇರೆ. ಹಾಗಾಗಿ ಒಂದು ಬೋಲ್ಟು ತೆಗೆದ ಕೂಡಲೇ ಅದೇ ಮರೆಯ ಉದ್ದನೆಯ ಬೋಲ್ಟೊಂದನ್ನು ನಾಲ್ಕು ಸುತ್ತು ಹಾಕಿ ಬಿಡಿ. ಪಟ್ಟಿಯ ತೂತಿನಿಂದ ಅದರ ತಲೆ ದಾಟುವುದಿಲ್ಲ ಅಂದರೆ ತಲೆ ಕತ್ತರಿಸಿ. ಹಿಂಜ್ ಹೊರಗೆ ಬಂದರೂ ಒಳಗಿನ ತಗಡು ತೂಗಿಕೊಂಡಿರುತ್ತದೆ.

ಹಿಂಜ್ ಹಿಂದೆ ತೆಳು ತಗಡಿನ ಶಿಮ್‌ಗಳಿದ್ದರೆ ಎಷ್ಟು, ಯಾವ ಹಿಂಜ್, ಯಾವ ಬೋಲ್ಟು ಅಂತ ಚೀಟಿ ಕಟ್ಟಿ ಇಡಿ.

## ಹಂತ 4: ಪಿನ್ ತೆಗೆಯಿರಿ

ಹೊಡೆಯುವ ಮುಂಚೆ ಪಿನ್‌ನ ಎರಡೂ ತುದಿ ನೋಡಿ. ತಲೆ ಇದೆಯೇ? ಹಲ್ಲುಹಲ್ಲಾದ ಭಾಗ ಇದೆಯೇ? ಸಣ್ಣ ಕ್ಲಿಪ್ ಇದೆಯೇ? ಅಥವಾ ತುದಿಯನ್ನು ಬಡಿದು ಅಗಲ ಮಾಡಿದ್ದಾರೆಯೇ? ತಲೆ ಮತ್ತು ಹಲ್ಲುಗಳು ಒಂದೇ ಕಡೆ ಇರುತ್ತವೆ, ಹೊಡೆಯಬೇಕಾದ್ದು ಅದರ ವಿರುದ್ಧ ತುದಿಗೆ. ಬಡಿದು ಅಗಲ ಮಾಡಿದ್ದರೆ ಆ ಭಾಗವನ್ನು ಮೊದಲು ಅರದಿಂದ ಉಜ್ಜಿ ತೆಗೆಯಿರಿ.

ಕಣ್ಣಿನ ಕೆಳಗೆ ಪಿನ್ ಹೊರಬರುವಷ್ಟು ದೊಡ್ಡ ತೂತಿನ ದಪ್ಪ ಕೊಳವೆ ಅಥವಾ ಸಾಕೆಟ್ ಇಟ್ಟು, ಅದರ ಮೇಲೆ ಹಿಂಜ್ ಭದ್ರವಾಗಿ ಕೂರಿಸಿ ಹೊಡೆಯಿರಿ. ಪಟ್ಟಿಯನ್ನು ಗಾಳಿಯಲ್ಲಿ ಹಿಡಿದು ಹೊಡೆದರೆ ಅರ್ಧ ಏಟು ಪಟ್ಟಿ ಬಗ್ಗಿಸುವುದಕ್ಕೇ ಹೋಗುತ್ತದೆ. ಎರಕದ ಹಿಂಜ್ ಆದರೆ ಬಿರಿಯುತ್ತದೆ.

ಹತ್ತು ಏಟಿಗೂ ಕದಲದಿದ್ದರೆ ನಿಲ್ಲಿಸಿ. ಜಾಸ್ತಿ ಹೊಡೆದಷ್ಟೂ ಪಿನ್‌ನ ತುದಿ ಅಣಬೆಯಂತೆ ಅರಳಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಎಣ್ಣೆ ಒರೆಸಿ, ಕಣ್ಣನ್ನು ಮಾತ್ರ ಬಿಸಿ ಮಾಡಿ, ಬಿಸಿಯಲ್ಲೇ ಹೊಡೆಯಿರಿ. ಬೆಂಕಿ ಹಿಡಿಯುವ ಕೆಲಸ ಮೇಜಿನ ಮೇಲೆ ಮಾತ್ರ, ಕಾರಿನ ಮೇಲಲ್ಲ. ಅದಕ್ಕೂ ಬರದಿದ್ದರೆ ಎರಡು ಕಣ್ಣುಗಳ ನಡುವಿನ ಸಂದಿನಲ್ಲಿ ಗರಗಸದ ಬ್ಲೇಡ್ ತೂರಿಸಿ ಪಿನ್ ಕತ್ತರಿಸಿ, ತುಂಡುಗಳನ್ನು ಒಂದೊಂದಾಗಿ ತೆಗೆಯಿರಿ.

ಎಡ ಬಲ, ಮೇಲೆ ಕೆಳಗೆ ಅಂತ ನಾಲ್ಕೂ ಹಿಂಜ್‌ಗೆ ಗುರುತು ಹೊಡೆಯಿರಿ. ನೋಡಲು ಒಂದೇ ಥರ ಇರುತ್ತವೆ, ಒಂದೇ ಆಗಿರುವುದಿಲ್ಲ.

## ಹಂತ 5: ಅಳೆದು ತೀರ್ಮಾನಿಸಿ

ಪಿನ್ ಒರೆಸಿ ಅದರ ಉದ್ದಕ್ಕೂ ಉಗುರು ಎಳೆಯಿರಿ. ಮೆಟ್ಟಿಲು ಸಿಕ್ಕಿದ ಕಡೆ ಸವೆದಿದೆ. ಸವೆಯದ ಭಾಗವನ್ನು ಅಳೆದರೆ ಮೂಲ ಅಳತೆ ಗೊತ್ತಾಗುತ್ತದೆ.

ತೂತು ಅಳೆಯುವುದು ಸ್ವಲ್ಪ ಕಷ್ಟ. ವರ್ನಿಯರ್‌ನ ಒಳದವಡೆ ಸಣ್ಣ ತೂತಿನಲ್ಲಿ ಸುಳ್ಳು ಹೇಳುತ್ತದೆ. ನಾನು ಡ್ರಿಲ್ ಬಿಟ್‌ಗಳ ನುಣುಪಾದ ಹಿಂಭಾಗ ಬಳಸುತ್ತೇನೆ. 8 ಮಿ.ಮೀ. ಪಿನ್‌ನ ತೂತಾದರೆ 8.0, 8.1, 8.2 ಹೀಗೆ ಒಂದೊಂದನ್ನೇ ತೂರಿಸಿ ನೋಡಿ. ಬಿಟ್‌ನ ಹಿಂಭಾಗವನ್ನೂ ಮೊದಲು ಅಳೆದುಕೊಳ್ಳಿ, ಬರೆದ ಅಂಕಿಗಿಂತ ಅದು ಒಂಚೂರು ಸಣ್ಣ ಇರುವುದುಂಟು. 8.0 ತೂರಿಸಿ ಅಲ್ಲಾಡಿಸಿದಾಗ ಒಂದು ದಿಕ್ಕಿಗೆ ಬಿಗಿಯಾಗಿದ್ದು, ಇನ್ನೊಂದು ದಿಕ್ಕಿಗೆ ಓಲಾಡಿದರೆ ತೂತು ಮೊಟ್ಟೆಯಾಗಿದೆ.

ಇನ್ನೊಂದು ಪ್ರಶ್ನೆಗೆ ಈಗಲೇ ಉತ್ತರ ಬೇಕು: ಪಿನ್ ಯಾವ ಪಟ್ಟಿಯಲ್ಲಿ ಬಿಗಿ, ಯಾವುದರಲ್ಲಿ ತಿರುಗುತ್ತದೆ? ಪಿನ್ ಒಂದರಲ್ಲಿ ಕಚ್ಚಿ ನಿಲ್ಲಬೇಕು, ಇನ್ನೊಂದರಲ್ಲಿ ಮಾತ್ರ ತಿರುಗಬೇಕು. ಎರಡರಲ್ಲೂ ತಿರುಗಿದರೆ ಬುಶ್ ಇಲ್ಲದ ಕಡೆಯ ಕಬ್ಬಿಣ ಬೇಗ ಸವೆಯುತ್ತದೆ. ಹೊಸ ಪಿನ್ ಹಾಕಿಯೂ ಸೋತವರಲ್ಲಿ ಅರ್ಧದಷ್ಟು ಜನ ಎಡವಿದ್ದು ಇಲ್ಲೇ ಇರಬೇಕು ಅಂತ ನನ್ನ ಅನಿಸಿಕೆ.

ತೀರ್ಮಾನ ಹೀಗೆ:

ತೂತು ಗುಂಡಗಿದೆ, ಪಿನ್ ಮಾತ್ರ ಸವೆದಿದೆ: ಹೊಸ ಪಿನ್ ಸಾಕು. 7ನೇ ಹಂತಕ್ಕೆ ಹೋಗಿ.

ಹಳೆಯ ಬುಶ್ ಸವೆದಿದೆ, ಬುಶ್ ಕೂರುವ ಕಣ್ಣು ಸರಿ ಇದೆ: ಬುಶ್ ಮತ್ತು ಪಿನ್ ಎರಡೂ ಹೊಸದು. ಒಂದನ್ನೇ ಬದಲಾಯಿಸಿ ದುಡ್ಡು ಉಳಿಸಬೇಡಿ.

ಕಣ್ಣೇ ಮೊಟ್ಟೆಯಾಗಿದೆ: ರೀಮ್ ಮಾಡಿ ಬುಶ್ ಹಾಕಬೇಕು. ರೀಮ್ ಆದ ಮೇಲೂ ಸುತ್ತ 2.5–3 ಮಿ.ಮೀ. ಕಬ್ಬಿಣ ಉಳಿಯಬೇಕು. ಅಷ್ಟು ಉಳಿಯದಿದ್ದರೆ ಬುಶ್ ಬದಲು ತುಸು ದಪ್ಪದ ಪಿನ್ ಮಾಡಿಸಿ.

ಕಣ್ಣು ಬಿರಿದಿದೆ: ಬೇರೆ ಹಿಂಜ್ ಹುಡುಕಿ. ಎರಕದ ಹಿಂಜ್‌ಗೆ ಮನೆಯಲ್ಲಿ ವೆಲ್ಡಿಂಗ್ ಮಾಡಿದರೆ ಇವತ್ತು ಹಿಡಿದು ನಾಳೆ ಪಕ್ಕದಲ್ಲೇ ಬಿರಿಯುತ್ತದೆ.

ಪಿನ್ ಬದಲು ಬೋಲ್ಟು ಹಾಕುವ ಉಪಾಯ ಎಲ್ಲರಿಗೂ ಒಮ್ಮೆಯಾದರೂ ಹೊಳೆಯುತ್ತದೆ, ಅಲ್ವಾ? ಬೇಡ. ಬೋಲ್ಟಿನ ಮೈ ಸಾಮಾನ್ಯವಾಗಿ ಹೇಳಿದ ಅಳತೆಗಿಂತ ಸಣ್ಣ ಇರುತ್ತದೆ. ಮರೆ ಇರುವ ಭಾಗ ಕಣ್ಣಿನೊಳಗೆ ಬಂದರೆ ಅದು ಅರದ ಕೆಲಸ ಮಾಡುತ್ತದೆ.

## ಹಂತ 6: ರೀಮ್ ಮಾಡಿ ಬುಶ್ ಕೂರಿಸಿ

ಅವಸರ ಮಾಡಬಾರದ ಹಂತ ಇದು.

8 ಮಿ.ಮೀ. ಪಿನ್, 10 ಮಿ.ಮೀ. ಹೊರ ಅಳತೆಯ ಕಂಚಿನ ಬುಶ್ ಅಂದುಕೊಂಡು ಹೇಳುತ್ತೇನೆ. ನಿಮ್ಮ ಅಳತೆ ಬೇರೆ ಇರಬಹುದು, ಲೆಕ್ಕದ ರೀತಿ ಇದೇ.

ಕಣ್ಣನ್ನು ಮೊದಲು 9.8 ಮಿ.ಮೀ.ಗೆ ಕೊರೆಯಿರಿ. ಕೈಯಲ್ಲಿ ಹಿಡಿದ ಡ್ರಿಲ್ ಮೊಟ್ಟೆಯಾದ ತೂತಿನ ಜಾಡನ್ನೇ ಹಿಡಿದು ಓರೆಯಾಗಿ ಹೋಗುತ್ತದೆ. ಹಾಗಾಗಿ ಸ್ಟ್ಯಾಂಡ್ ಇರುವ ಡ್ರಿಲ್ ಬೇಕು. ಹಿಂಜ್ ಅನ್ನು ಬಿಗಿಯಾಗಿ ಕಟ್ಟಿ, ಪಟ್ಟಿಯ ಸಮತಟ್ಟಾದ ಮುಖವನ್ನು ಆಧಾರವಾಗಿಟ್ಟು ನೆಟ್ಟಗೆ ನಿಲ್ಲಿಸಿ. ಆಮೇಲೆ 10 ಮಿ.ಮೀ. ರೀಮರ್. ಉಳಿದ 0.2 ಮಿ.ಮೀ. ಮಾತ್ರ ಅದು ತೆಗೆಯಬೇಕು. ಉಕ್ಕಾದರೆ ಕತ್ತರಿಸುವ ಎಣ್ಣೆ ಬಿಡಿ, ಬೀಡುಕಬ್ಬಿಣವಾದರೆ ಒಣದಾಗಿಯೇ ಸಾಕು. ನಿಧಾನವಾಗಿ ತಿರುಗಿಸಿ. ಹೊರಗೆ ತೆಗೆಯುವಾಗಲೂ ಮುಂದಕ್ಕೇ ತಿರುಗಿಸುತ್ತಾ ಎಳೆಯಿರಿ. ಹಿಂದಕ್ಕೆ ತಿರುಗಿಸಿದರೆ ಚೂರುಗಳು ಹಲ್ಲಿನ ಬೆನ್ನಿಗೆ ಸಿಕ್ಕಿ ಅಂಚು ಹಾಳಾಗುತ್ತದೆ, ತೂತಿಗೂ ಗೀರು ಬೀಳುತ್ತದೆ.

ಬುಶ್ ಹೊರ ಅಳತೆ ತೂತಿಗಿಂತ 0.02–0.05 ಮಿ.ಮೀ. ದೊಡ್ಡ ಇರಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ, ತೆಳು ಬುಶ್‌ನ ಬಾಯಿ ಅರಳುತ್ತದೆ. ಉದ್ದನೆಯ ಬೋಲ್ಟು, ಎರಡು ದಪ್ಪ ವಾಷರ್, ಒಂದು ನಟ್ಟು ತೆಗೆದುಕೊಳ್ಳಿ. ಬೋಲ್ಟನ್ನು ಬುಶ್ ಮತ್ತು ಕಣ್ಣಿನ ಮೂಲಕ ತೂರಿಸಿ ನಟ್ಟು ಬಿಗಿ ಮಾಡುತ್ತಾ ಹೋದರೆ ಬುಶ್ ನೆಟ್ಟಗೆ ಒಳಗೆ ಎಳೆದುಕೊಳ್ಳುತ್ತದೆ. ಮೊದಲ ಎರಡು ಮಿಲಿಮೀಟರ್ ಓರೆಯಾಗಿ ಹೋದರೆ ಅಲ್ಲೇ ನಿಲ್ಲಿಸಿ ಹೊರತೆಗೆಯಿರಿ. ಮುಂದೆ ಸರಿಹೋಗುತ್ತದೆ ಅಂತ ಎಳೆದರೆ ಕಣ್ಣೇ ಹಾಳಾಗುತ್ತದೆ. ಅಂಚಿರುವ ಬುಶ್ ಆದರೆ ಅಂಚು ಎರಡು ಪಟ್ಟಿಗಳ ನಡುವೆ ಬರಬೇಕು, ಬಾಗಿಲ ಭಾರ ಅದರ ಮೇಲೇ ಕೂರುತ್ತದೆ.

ಬುಶ್ ಬಿಗಿಯಾಗಿ ಕೂತ ಮೇಲೆ ಅದರ ಒಳತೂತು ಸ್ವಲ್ಪ ಕುಗ್ಗುತ್ತದೆ. ಪಿನ್ ಹೋಗುತ್ತಿಲ್ಲ, ಬುಶ್ ಸರಿ ಇಲ್ಲ ಅಂತ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ, ಅದು ಹಾಗೇ ಇರಬೇಕಾದ್ದು. ಈಗ 8 ಮಿ.ಮೀ. ರೀಮರ್ ಹಾಯಿಸಿ. ಒಂದೇ ಪಟ್ಟಿಯಲ್ಲಿ ಎರಡು ಬುಶ್ ಇದ್ದರೆ ಉದ್ದನೆಯ ರೀಮರ್ ಒಂದೇ ಹೊಡೆತಕ್ಕೆ ಎರಡನ್ನೂ ದಾಟಬೇಕು. ನಾನು ಮೊದಲ ಸಲ ಎರಡನ್ನೂ ಬೇರೆಬೇರೆಯಾಗಿ, ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ರೀಮ್ ಮಾಡಿದ್ದೆ. ಒಂದೊಂದರಲ್ಲಿ ಪಿನ್ ಬೆಣ್ಣೆಯಂತೆ ಹೋಗುತ್ತಿತ್ತು. ಎರಡರಲ್ಲೂ ಒಟ್ಟಿಗೆ ಹೋಗಲೇ ಇಲ್ಲ. ಎರಡು ತೂತುಗಳ ನಡುಗೆರೆ ಕೂದಲಷ್ಟು ತಪ್ಪಿದರೂ ಅಷ್ಟೇ.

ಎಣ್ಣೆ ಹೀರಿದ, ಪುಡಿಯನ್ನು ಒತ್ತಿ ಮಾಡಿದ ಕಂಚಿನ ಬುಶ್ ಆದರೆ ಎರಡು ಮಾತು ನೆನಪಿಡಿ. ಪೆಟ್ರೋಲ್, ಥಿನ್ನರ್‌ನಲ್ಲಿ ತೊಳೆಯಬೇಡಿ, ಒಳಗಿನ ಎಣ್ಣೆ ಹೋಗುತ್ತದೆ. ಮೊಂಡು ರೀಮರ್ ಹಾಕಬೇಡಿ, ಎಣ್ಣೆ ಹೊರಬರುವ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ.

## ಹಂತ 7: ಜೋಡಿಸಿ ಪರೀಕ್ಷಿಸಿ

ಎರಡು ಪಟ್ಟಿ ಸೇರಿಸಿ, ನಡುವೆ ವಾಷರ್ ಇದ್ದದ್ದು ಮರೆಯದೆ ಇಟ್ಟು, ಪಿನ್‌ಗೆ ತೆಳುವಾಗಿ ಎಣ್ಣೆ ಹಚ್ಚಿ. ತಿರುಗುವ ಪಟ್ಟಿಯಲ್ಲಿ ಹೆಬ್ಬೆರಳಿನ ಒತ್ತಡಕ್ಕೆ ಜಾರಬೇಕು. ಬಿಗಿ ಪಟ್ಟಿಗೆ ಬಂದಾಗ ವೈಸ್‌ನಲ್ಲಿ ಒತ್ತಿ ಕೂರಿಸಿ. ತಲೆ ಇರುವ ಪಿನ್ ಆದರೆ, ಮೂಲದಲ್ಲಿ ಬೇರೆ ರೀತಿ ಇರದಿದ್ದರೆ, ತಲೆ ಮೇಲಕ್ಕೆ ಇರಲಿ. ಸಡಿಲವಾದರೂ ಕೆಳಗೆ ಜಾರಿ ಬೀಳುವುದಿಲ್ಲ.

ಬಿಗಿ ಪಟ್ಟಿಯಲ್ಲೇ ಪಿನ್ ಸಡಿಲ ಅನಿಸಿದರೆ? ಸಡಿಲ 0.1 ಮಿ.ಮೀ. ಒಳಗಿದ್ದರೆ ಬೇರಿಂಗ್ ಕೂರಿಸಲು ಬಳಸುವ ಲಾಕಿಂಗ್ ದ್ರವ ಹಾಕಬಹುದು. ಆ ಕಣ್ಣಿಗೆ ಮಾತ್ರ, ಒಂದು ತೊಟ್ಟು. ಬುಶ್‌ಗೆ ಹರಿದರೆ ಹಿಂಜ್ ಕಲ್ಲಾಗುತ್ತದೆ, ಆ ಕಡೆಗೆ ಎಣ್ಣೆ ಹಾಕುವುದನ್ನು ಇದು ಗಟ್ಟಿಯಾದ ಮೇಲೆ ಮಾಡಿ. ಅದಕ್ಕಿಂತ ಜಾಸ್ತಿ ಸಡಿಲವಿದ್ದರೆ ಆ ತುದಿಯಲ್ಲಿ ದಪ್ಪ ಇರುವ ಪಿನ್ ಮಾಡಿಸಬೇಕು.

ಪರೀಕ್ಷೆ: ಪಿನ್ ಅಡ್ಡ ಮಲಗುವಂತೆ ಒಂದು ಪಟ್ಟಿ ಹಿಡಿದುಕೊಳ್ಳಿ. ಇನ್ನೊಂದು ತನ್ನ ಭಾರಕ್ಕೆ ನಿಧಾನವಾಗಿ ಇಳಿಯಬೇಕು. ದಬಕ್ ಅಂತ ಬಿದ್ದು ಪಕ್ಕಕ್ಕೆ ಓಲಾಡಿದರೆ ಸಡಿಲ. ನಡುವೆ ಎಲ್ಲೋ ಒಂದು ಕಡೆ ಮಾತ್ರ ಹಿಡಿದುಕೊಂಡರೆ ಪಿನ್ ಬಾಗಿದೆ ಅಥವಾ ಬುಶ್‌ಗಳು ನೇರ ಇಲ್ಲ. ಬಳಸುತ್ತಾ ಸಡಿಲ ಆಗುತ್ತದೆ ಅಂತ ಬಿಡಬೇಡಿ, ಸವೆದು ತಾನೇ ಸಡಿಲ ಆಗುವುದು?

ಬಣ್ಣ ಹೊಡೆಯುವುದಾದರೆ ಪಿಲ್ಲರ್‌ಗೆ ಕೂರುವ ಮುಖಕ್ಕೆ ಪ್ರೈಮರ್ ಮಾತ್ರ, ತೆಳುವಾಗಿ. ದಪ್ಪ ಬಣ್ಣ ಬೋಲ್ಟಿನ ಕೆಳಗೆ ದಿನಕಳೆದಂತೆ ಹಿಂಡಿ ಹೋಗಿ ಬಿಗಿ ಕಡಿಮೆಯಾಗುತ್ತದೆ. ಪಿನ್ ಮತ್ತು ಕಣ್ಣುಗಳ ಸಂದಿಗೆ ಟೇಪ್ ಹಚ್ಚಿ.

## ಹಂತ 8: ಬಾಗಿಲು ಕೂರಿಸಿ, ಸಂದು ಹೊಂದಿಸಿ

ಮೊದಲ ಕೆಲಸ, ಸ್ಟ್ರೈಕರ್ (ಬಾಗಿಲ ಲಾಕ್ ಕಚ್ಚಿಕೊಳ್ಳುವ, ಬಾಡಿಯ ಕಡೆಯ ಭಾಗ) ಬಿಚ್ಚಿ ಪಕ್ಕಕ್ಕಿಡಿ. ಅದು ಇದ್ದರೆ ಲಾಕ್ ಬಾಗಿಲನ್ನು ಮೇಲಕ್ಕೋ ಕೆಳಕ್ಕೋ ಎಳೆದು ಹಿಡಿಯುತ್ತದೆ, ಹಿಂಜ್ ಸರಿ ಕೂತಿದೆ ಅನ್ನುವ ಭ್ರಮೆ ಹುಟ್ಟಿಸುತ್ತದೆ. ಹೊಸ ರಬ್ಬರ್ ಬೀಡಿಂಗ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಗಟ್ಟಿ ರಬ್ಬರ್ ಬಾಗಿಲನ್ನು ಹೊರಕ್ಕೆ ದಬ್ಬುತ್ತಿರುವಾಗ ಅಳತೆ ಹಿಡಿಯಲಾಗುವುದಿಲ್ಲ.

1. ಹಿಂಜ್‌ಗಳನ್ನು ಪಿಲ್ಲರ್‌ಗೆ ಹಳೆಯ ಗೆರೆಗೆ ಸರಿಯಾಗಿ ಹಾಕಿ, ಹಳೆಯ ಶಿಮ್ ಸಮೇತ. ಜಾಕ್ ಮೇಲೆ ಬಾಗಿಲು ತಂದು ಜೋಡಿಸಿ. ಬೋಲ್ಟುಗಳ ಬಿಗಿ ಎಷ್ಟಿರಬೇಕೆಂದರೆ ಬಾಗಿಲು ತಾನಾಗಿ ಜಾರಬಾರದು, ಮರದ ಕೊಡತಿಯ ಏಟಿಗೆ ಕದಲಬೇಕು.

2. ಚೆಕ್ ಸ್ಟ್ರಾಪ್ ಕೂಡಲೇ ಹಾಕಿ. ಹಾಕಲಾಗದಿದ್ದರೆ ಹಗ್ಗ ಕಟ್ಟಿ.

3. ಮೆಲ್ಲಗೆ ಮುಚ್ಚಿ ಹಿಂದಿನ ಸಂದು ನೋಡಿ. ಹಿಂದಿನ ಪ್ಯಾನೆಲ್ ಬಾಡಿಗೇ ಬೆಸೆದದ್ದು, ಅದು ಕದಲುವುದಿಲ್ಲ, ಹಾಗಾಗಿ ಅಳತೆ ಅಲ್ಲಿಂದ ಶುರು. ಮುಂದಿನ ಮಡ್‌ಗಾರ್ಡ್ ಬೋಲ್ಟಿನದಾದರೆ ಅದನ್ನು ಆಮೇಲೆ ಸರಿಸಿಕೊಳ್ಳಬಹುದು.

ಬಹುತೇಕ ಕಾರುಗಳಲ್ಲಿ ಪಿಲ್ಲರ್ ಕಡೆಯ ಬೋಲ್ಟುಗಳಿಂದ ಬಾಗಿಲು ಮೇಲೆ ಕೆಳಗೆ, ಮುಂದೆ ಹಿಂದೆ ಸರಿಯುತ್ತದೆ, ಬಾಗಿಲ ಕಡೆಯವುಗಳಿಂದ ಒಳಗೆ ಹೊರಗೆ. ಕೆಲವದರಲ್ಲಿ ಇದು ತಿರುಗುಮುರುಗು. ಯಾವ ಪಟ್ಟಿಯ ತೂತು ಯಾವ ದಿಕ್ಕಿಗೆ ಉದ್ದ ಇದೆ ಅಂತ ನೋಡಿದರೆ ನಿಮ್ಮ ಕಾರಿನದು ಗೊತ್ತಾಗುತ್ತದೆ. ಶಿಮ್ ಇರುವ ಕಾರಿನಲ್ಲಿ ಒಂದು ದಿಕ್ಕಿನ ಹೊಂದಾಣಿಕೆ ಶಿಮ್‌ನಿಂದಲೇ.

ಹಿಂದಿನ ತುದಿ ತಗ್ಗಿದ್ದರೆ ಮೇಲಿನ ಹಿಂಜ್ ಒಂದನ್ನೇ ಸಡಿಲಿಸಿ ಬಾಗಿಲ ಮೇಲ್ಭಾಗವನ್ನು ಮುಂದಕ್ಕೆ ತಳ್ಳಿ. ಎದ್ದಿದ್ದರೆ ಹಿಂದಕ್ಕೆ. ಎರಡೂ ಹಿಂಜ್ ಒಟ್ಟಿಗೆ ಸಡಿಲಿಸಿದರೆ ಎಲ್ಲಿದ್ದೆವು ಅನ್ನುವುದೇ ಮರೆತುಹೋಗಿ, ಮತ್ತೆ ಮೊದಲಿನಿಂದ.

ಒಳಗೆ ಹೊರಗೆ ಹೊಂದಿಸುವಾಗ ಬಾಗಿಲು ಮೂಲೆಯಿಂದ ಮೂಲೆಗೆ ಆಡುತ್ತದೆ. ಲಾಕ್ ಹಿಡಿದಿರುವಾಗ ಮೇಲಿನ ಹಿಂಜ್ ಹತ್ತಿರ ಬಾಗಿಲನ್ನು ಹೊರಕ್ಕೆ ತಂದರೆ ಹಿಂದಿನ ಕೆಳಮೂಲೆ ಒಳಕ್ಕೆ ಹೋಗುತ್ತದೆ. ಹಿಂದಿನ ಕೆಳಮೂಲೆ ಹೊರಗೆ ಚಾಚಿದೆ ಅಂತ ಸ್ಟ್ರೈಕರ್ ಜೊತೆ ಗುದ್ದಾಡುವವರು ನೋಡಬೇಕಾದ್ದು ಮುಂದಿನ ಮೇಲ್ಭಾಗವನ್ನು. ಬಾಗಿಲ ಮುಂದಿನ ಅಂಚು ಮಡ್‌ಗಾರ್ಡ್‌ಗಿಂತ ಕೂದಲೆಳೆಯಷ್ಟು ಒಳಗಿದ್ದರೆ ಒಳ್ಳೆಯದು. ಹೊರಗಿದ್ದರೆ ಓಡುವಾಗ ಗಾಳಿ ಸಿಳ್ಳೆ ಹೊಡೆಯುತ್ತದೆ.

ಗಾಜು, ಅದರ ಯಂತ್ರ, ಒಳಗಿನ ಪ್ಯಾನೆಲ್ ಇಲ್ಲದ ಖಾಲಿ ಬಾಗಿಲು ಹೊಂದಿಸುತ್ತಿದ್ದರೆ ಹಿಂದಿನ ತುದಿಯನ್ನು 1–2 ಮಿ.ಮೀ. ಎತ್ತರಕ್ಕೆ ಬಿಡಿ. ಎಲ್ಲ ತುಂಬಿದ ಮೇಲೆ ಅಷ್ಟು ಇಳಿಯುತ್ತದೆ. ಆಮೇಲೆ ಒಮ್ಮೆ ಅಳೆಯಲೇಬೇಕು.

ಒಂದು ದುರಭ್ಯಾಸದ ಬಗ್ಗೆ ಹೇಳಿಬಿಡುತ್ತೇನೆ. ಬಾಗಿಲ ತುದಿಗೆ ಜಾಕ್ ಕೊಟ್ಟು ಎತ್ತುವುದು, ಹಿಂಜ್ ಸಂದಿಗೆ ಮರದ ತುಂಡಿಟ್ಟು ಬಾಗಿಲು ಒತ್ತುವುದು. ಎರಡು ನಿಮಿಷದಲ್ಲಿ ಸಂದು ಸರಿಹೋಗುತ್ತದೆ, ನಿಜ. ಪಟ್ಟಿ ಅಥವಾ ಪಿಲ್ಲರ್ ಬಾಗಿರುತ್ತದೆ. ಪ್ಲೇ ಎಲ್ಲಿತ್ತೋ ಅಲ್ಲೇ ಇರುತ್ತದೆ. ಮುಂದೆ ಸರಿಯಾದ ಪಿನ್ ಹಾಕಿದ ದಿನ ಬಾಗಿಲು ಮೇಲಕ್ಕೆ ಓರೆಯಾಗಿ ನಿಲ್ಲುತ್ತದೆ.

## ಹಂತ 9: ಸ್ಟ್ರೈಕರ್, ಕೊನೆಗೆ

ಸಂದು ಸರಿಯಾಗಿ ಬೋಲ್ಟುಗಳೆಲ್ಲ ಪೂರ್ತಿ ಬಿಗಿಯಾದ ಮೇಲೆ ಸ್ಟ್ರೈಕರ್ ಹಾಕಿ, ಅರೆಬಿಗಿ ಮಾಡಿ. ಬಾಗಿಲನ್ನು ನಿಧಾನವಾಗಿ ಮುಚ್ಚುತ್ತಾ ಹಿಂದಿನ ತುದಿಯನ್ನೇ ನೋಡಿ. ಲಾಕ್ ಹತ್ತಿರ ಬಂದಾಗ ಬಾಗಿಲು ಎದ್ದರೆ ಸ್ಟ್ರೈಕರ್ ಮೇಲಿದೆ, ಕುಸಿದರೆ ಕೆಳಗಿದೆ. ಸ್ಟ್ರೈಕರ್ ಬಾಗಿಲನ್ನು ಹಿಡಿದುಕೊಳ್ಳಬೇಕು, ಹೊರಬಾರದು.

ರಬ್ಬರ್ ಬೀಡಿಂಗ್ ವಾಪಸ್ ಹಾಕಿ, ನಾಲ್ಕೈದು ಕಡೆ ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬಿಗಿ ಇರಬೇಕು.

## ಹಂತ 10: ಮೊದಲ ತಿಂಗಳು

ಪಿನ್‌ನ ತಲೆ ಮತ್ತು ಬಿಗಿ ಪಟ್ಟಿಗೆ ಸೇರಿದಂತೆ ಒಂದು ಸಣ್ಣ ಬಣ್ಣದ ಗೆರೆ ಎಳೆಯಿರಿ. ಎರಡು ವಾರ ಓಡಿಸಿದ ಮೇಲೆ ನೋಡಿ. ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಪಿನ್ ಬಿಗಿ ಪಟ್ಟಿಯಲ್ಲೇ ತಿರುಗುತ್ತಿದೆ, ಬೇಗ ಬಿಚ್ಚಿ ಸರಿಮಾಡಿ. ಬೋಲ್ಟುಗಳಿಗೂ ಆಗಲೇ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.

ಆರು ತಿಂಗಳಿಗೊಮ್ಮೆ ಪ್ರತಿ ಪಿನ್‌ಗೆ ಎರಡು ತೊಟ್ಟು ಎಂಜಿನ್ ಆಯಿಲ್ ಬಿಡಿ. ಕೆಲವು ಹಿಂಜ್‌ಗಳ ನೆತ್ತಿಯ ಮೇಲೆ ಸಣ್ಣ ಮುಚ್ಚಳವಿರುವ ಎಣ್ಣೆ ತೂತೇ ಇರುತ್ತದೆ, ಬಣ್ಣದಡಿ ಹೂತುಹೋಗಿರಬಹುದು, ಹುಡುಕಿ ನೋಡಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಎಣ್ಣೆಯ ಬದಲು ಹೊಡೆಯಬೇಡಿ. ಇದ್ದ ಎಣ್ಣೆಯನ್ನೂ ತೊಳೆದು, ತಾನೂ ಕೆಲವೇ ದಿನದಲ್ಲಿ ಆರಿಹೋಗುತ್ತದೆ. ಎಣ್ಣೆ ಬಿಟ್ಟ ಮೇಲೆ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ, ಹೊರಗೆ ಒಸರಿದ್ದನ್ನು ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಗಂದು ಬಣ್ಣ ಹತ್ತಿದರೆ ಬರೀ ಎಣ್ಣೆ ಹತ್ತುವ ತನಕ ಮತ್ತೆ ಬಿಡಿ, ಮತ್ತೆ ಒರೆಸಿ.